ಕೊಕ್ಕರೆಯ ಎಡಗಾಲು

ನಮ್ಮ ಮನೆ ಮೆಟ್ಟಿಲನ್ನು ಅವಳು ಯಾವತ್ತೂ ಇಳಿದವಳಲ್ಲ, ಹಾರಿದವಳು. ಎರಡೆರಡು ಮೆಟ್ಟಿಲು ದಾಟಿ ಕೊನೆಗೆ ಧೊಪ್ಪೆಂದು ನೆಲಕ್ಕೆ ಬೀಳುವುದು, ಕೆಳಗಿನ ಮನೆಯವರು ಬಾಗಿಲು ತೆಗೆದು ಬೈಯುವುದು, ಇವಳು ಹಲ್ಲು ಕಿರಿಯುವುದು ದಿನಾ ಬೆಳಗಿನ ಪಾಠ. ಆ ವಾರ ಯಾರೂ ಬೈಯಲಿಲ್ಲ. ಬ್ರೆಡ್ ತರಲು ಹೊರಟವಳ ಹೆಜ್ಜೆಗೆ ನಾನು ಒಲೆಯ ಮುಂದೆ ನಿಂತು ಕಿವಿಗೊಟ್ಟೆ. ಒಂದು ಮೆಟ್ಟಿಲು, ಸ್ವಲ್ಪ ತಡ, ಮತ್ತೊಂದು ಮೆಟ್ಟಿಲು. ನಡುವೆ ಕಂಬಿಯ ಮೇಲೆ ಕೈ ಜಾರುವ ಸದ್ದು. ಹಾಲು ಉಕ್ಕಿ ಒಲೆ ತುಂಬಾ ಹರಿದದ್ದು ನನಗೆ ಗೊತ್ತೇ ಆಗಲಿಲ್ಲ.

ವಾಪಸ್ ಬಂದವಳನ್ನು ಹಿಡಿದು ಕೂರಿಸಿ ಎಡಗಾಲು ನೋಯುತ್ತಿದೆಯಾ ಎಂದು ಕೇಳಿದೆ. ಇಲ್ಲ ಎಂದಳು. ನಿದ್ದೆ ಸಾಲಲಿಲ್ಲ, ಅದಕ್ಕೇ ಮೆಲ್ಲಗೆ ಇಳಿದೆ ಎಂದಳು. ಡಾಕ್ಟರು ಆ ಕಾಲಿನ ಎಕ್ಸ್‌ರೇ ತೆಗೆದು ಏನೂ ಇಲ್ಲ ಎಂದಿದ್ದಾರಲ್ಲ, ನಿಮ್ಮದೊಂದು ಅತಿ ಎಂದು ನನಗೇ ಬುದ್ಧಿ ಹೇಳಿ ಬ್ರೆಡ್ಡಿಗೆ ಬೆಣ್ಣೆ ಸವರತೊಡಗಿದಳು. ಡಾಕ್ಟರು ಹಾಗೆಂದದ್ದು ನಿಜ, ಆದರೆ ಅದಾಗಿ ತಿಂಗಳಾಗಿತ್ತು.

ಅವಳು ನನ್ನ ಅಕ್ಕನ ಮಗಳು, ನಾನು ಅವಳ ಚಿಕ್ಕಮ್ಮ. ಹತ್ತೊಂಬತ್ತು ತುಂಬಿದೆ, ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬರುತ್ತಾಳೆ. ತಂಡದಲ್ಲಿ ಎಲ್ಲರೂ ಅವಳನ್ನು ಕೊಕ್ಕರೆ ಎನ್ನುತ್ತಾರೆ. ಆ ತಂಡದ ಕೋಚ್ ನಾನೇ. ಹೆಂಗಸರ ಬಾಸ್ಕೆಟ್‌ಬಾಲ್ ತಂಡ. ಹೋದ ವರ್ಷ ಲೀಗಿನಲ್ಲಿ ಎಲ್ಲರಿಗಿಂತ ಕೆಳಗೆ ಬಂದು ಊರೆಲ್ಲ ನಗಿಸಿದ್ದೆವು. ಅಕ್ಕ ಇವಳನ್ನು ನನ್ನ ಮನೆಯಲ್ಲಿ ಬಿಟ್ಟು ಹೋಗುವಾಗ ಬೇರೇನೂ ಕೇಳಲಿಲ್ಲ. "ಗೆದ್ದ ಕಪ್ಪು ಗಿಪ್ಪು ನಿಂಗಿರಲಿ. ಮೂಳೆ ಮುರೀದೆ ವಾಪಸ್ ಕೊಡು," ಎಂದಿದ್ದಳು. ನಾನು ನಕ್ಕಿದ್ದೆ.

ಈಗ ನಗು ಬರುತ್ತಿರಲಿಲ್ಲ. ಎತ್ತರದ ಹುಡುಗಿಯರು ಒಂದೇ ಸಮನೆ ಹಾರಿ ಹಾರಿ ಮೊಣಕಾಲ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುವುದುಂಟು. ಮೊದಮೊದಲು ಅದು ಎಕ್ಸ್‌ರೇಗೂ ಕಾಣಿಸುವುದಿಲ್ಲ. ಆಗಲೇ ಆಟ ಬಿಡಿಸಿ ಕೂರಿಸಿದರೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಕೂರಿಸದಿದ್ದರೆ ಒಂದು ದಿನ ಹಾರಿ ನೆಲಕ್ಕೆ ಬರುವಾಗ ಪೂರ್ತಿ ತುಂಡಾಗುತ್ತದೆ. ಎದುರಾಳಿ ತಂಡದ ಒಬ್ಬಳಿಗೆ ಹಾಗಾದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಸದ್ದು ಗ್ಯಾಲರಿಯ ತುದಿಯವರೆಗೂ ಕೇಳಿಸಿತ್ತು. ಅವಳು ಮತ್ತೆ ಅಂಗಳಕ್ಕೆ ಇಳಿಯಲಿಲ್ಲ. ಕೊಕ್ಕರೆ ಎಡಗಾಲು ಊರಿದಾಗಲೆಲ್ಲ ನಾನು ಆ ಸದ್ದಿಗಾಗಿ ಉಸಿರು ಹಿಡಿದು ಕಾಯುತ್ತಿದ್ದೆ.

ಹಾಗಾದರೆ ಕೂರಿಸಬಹುದಿತ್ತಲ್ಲ ಎಂದರೆ, ಅಷ್ಟು ಸುಲಭವಿದ್ದಿದ್ದರೆ ಯಾರು ಬೇಕಾದರೂ ಕೋಚ್ ಆಗುತ್ತಿದ್ದರು. ನಮ್ಮ ಮ್ಯಾನೇಜರ್ ಸಾಹೇಬರು ತಂಡವನ್ನು ಬುಡದಿಂದ ಕಟ್ಟಲು ಹೊರಟಿದ್ದರು. ಈ ವರ್ಷ ಸೋತರೂ ಅಡ್ಡಿಯಿಲ್ಲ, ಎಳೆಯರೇ ಆಡಲಿ, ಹಳಬರು ಬೆಂಚು ಬೆಚ್ಚಗೆ ಮಾಡಲಿ ಎನ್ನುವುದು ಅವರ ವಾದ. ಐದೂ ಜನ ಎಳೆಯರನ್ನೇ ಬಿಟ್ಟರೆ ಅವರು ಕಲಿಯುವುದು ಸೋಲುವುದನ್ನು ಮಾತ್ರ, ಪಕ್ಕದಲ್ಲಿ ನಿಂತು ಗದರಿಸಲು ಇಬ್ಬರಾದರೂ ಹಳಬರು ಬೇಕು ಎಂದು ನಾನು ಗಂಟಲು ಹರಿದುಕೊಂಡಿದ್ದೆ. ಜಗಳವಾಡಿ ಒಂದು ರಾಜಿಗೆ ಬಂದಿದ್ದೆವು: ಮೂವರು ಎಳೆಯರು, ಇಬ್ಬರು ಹಳಬರು, ಸರದಿಯಂತೆ ಅದಲುಬದಲು. ಕೊಕ್ಕರೆಯ ಜಾಗದಲ್ಲಿ ಅವಳೊಂದಿಗೆ ಸರದಿ ಹಂಚಿಕೊಂಡವಳು ಅಜ್ಜಿ.

ಅಜ್ಜಿ ಎಂದರೆ ನಿಜವಾದ ಅಜ್ಜಿಯಲ್ಲ, ಮೂವತ್ನಾಲ್ಕರ ಹೆಂಗಸು. ಈ ಆಟದಲ್ಲಿ ಆ ವಯಸ್ಸಿಗೆ ಹುಡುಗಿಯರು ಅಜ್ಜಿ ಎಂದೇ ಕರೆಯುತ್ತಾರೆ. ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತ "ಬನ್ನಿ ಮೊಮ್ಮಕ್ಕಳಾ" ಎಂದು ಅವಳೂ ನಗಿಸುತ್ತಿದ್ದಳು. ಮುಂದಿನ ವಾರ ಅವಳ ಒಪ್ಪಂದ ಮುಗಿಯುವುದರಲ್ಲಿತ್ತು. ಮುಂದುವರಿಸುವುದು ಬಿಡುವುದು ಮ್ಯಾನೇಜರ್ ಕೈಯಲ್ಲಿ.

ತಂಡದಲ್ಲಿ ನಾನೇ ಮಾಡಿದ ಒಂದು ಕಟ್ಟಳೆ ಇತ್ತು. ಸುಸ್ತಾದವರು ಆಟದ ನಡುವೆಯೇ ಮುಷ್ಟಿ ಎತ್ತಿ ತೋರಿಸಬೇಕು. ತೋರಿಸಿದರೆ ಹೊರಗೆ ಕರೆಯುತ್ತೇನೆ, ಉಸಿರು ತಿರುಗಿದ ಮೇಲೆ ಅವರು ಕೇಳಿದಾಗ ವಾಪಸ್ ಕಳಿಸುತ್ತೇನೆ. ಅದು ನಾನು ಕೊಡುವ ಮಾತು. ಎಳೆಯರಿಗೆ ಮುಷ್ಟಿ ಎತ್ತುವುದೆಂದರೆ ನಾಚಿಕೆ, ಪ್ರಾಣ ಹೋದರೂ ಎತ್ತುವುದಿಲ್ಲ. ಹಳಬರಿಗೆ ತಮ್ಮ ಮೈ ಗೊತ್ತು. ಅಜ್ಜಿಯಂತೂ ಗಡಿಯಾರ ನೋಡಿದವಳಂತೆ ಎತ್ತುತ್ತಿದ್ದಳು, ಹೊರಗೆ ಬಂದು ಕೊಕ್ಕರೆಯ ಬೆನ್ನು ತಟ್ಟಿ ಒಳಗೆ ಕಳಿಸುತ್ತಿದ್ದಳು.

ಆ ವಾರದ ಮೊದಲ ಪಂದ್ಯದಲ್ಲಿ ಅಜ್ಜಿ ಮುಷ್ಟಿ ಎತ್ತಲಿಲ್ಲ. ಬಾಯಿ ತೆರೆದು ಉಸಿರೆಳೆಯುತ್ತಿದ್ದಳು, ಪಟ್ಟಿ ಸುತ್ತಿದ ಕಾಲು ಎಳೆಯುತ್ತಿದ್ದಳು, ಆದರೂ ನನ್ನ ಕಡೆ ತಿರುಗಲಿಲ್ಲ. ನಾನು ಕೊಕ್ಕರೆಯನ್ನು ಎಬ್ಬಿಸಿದೆ. ಅಜ್ಜಿ ದೂರದಿಂದಲೇ ಬೇಡ ಬೇಡ ಎಂದು ಕೈಯಾಡಿಸಿದಳು. ಕೂರಿಸಿದೆ. ಮತ್ತೆ ಎಬ್ಬಿಸಿದೆ, ಮತ್ತೆ ಬೇಡ ಎಂದಳು. ಬೆಂಚಿನಲ್ಲಿ ಹುಡುಗಿಯರು ಮುಸಿಮುಸಿ ನಕ್ಕರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಪಂದ್ಯ ಮುಗಿದ ಮೇಲೆ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಎಲ್ಲರೆದುರೇ ಅವಳಿಗೆ ಮಂಗಳಾರತಿ ಎತ್ತಿದೆ. ಜಾಗ ಬಿಟ್ಟುಕೊಡಲು ಇಷ್ಟು ಸಂಕಟವೇ ಎಂದೆ. ಅವಳು ತಲೆ ತಗ್ಗಿಸಿ ಪಟ್ಟಿ ಬಿಚ್ಚುತ್ತಲೇ ಇದ್ದಳು.

ಮ್ಯಾನೇಜರ್‌ಗೆ ಅಷ್ಟೇ ಸಾಕಾಗಿತ್ತು. ಮರುದಿನ ಕರೆಸಿ, ಮುಂದಿನ ಪಂದ್ಯದಲ್ಲಿ ಕೊಕ್ಕರೆಯೇ ಮೊದಲಿನಿಂದ ಆಡಲಿ, ಅಜ್ಜಿ ಕೂರಲಿ, ಇನ್ನೊಂದು ಸಲ ಹೀಗೆ ಮಾಡಿದರೆ ಒಪ್ಪಂದದ ಮಾತೇ ಇಲ್ಲ ಎಂದರು. ಕೊಕ್ಕರೆಯ ಕಾಲಿನ ಬಗ್ಗೆ ನನಗೆ ಭಯವಿದೆ ಎಂದೆ. ಅವರು ಡಾಕ್ಟರ ವರದಿ ನೆನಪಿಸಿದರು. ಆಮೇಲೆ ದನಿ ಇಳಿಸಿ, ಸ್ವಂತ ಅಕ್ಕನ ಮಗಳೆಂದು ಹತ್ತಿಯಲ್ಲಿಟ್ಟು ಕಾಪಾಡುತ್ತೀರಿ ಅಂತ ಜನ ಆಡಿಕೊಳ್ಳಬಾರದು ನೋಡಿ ಎಂದರು. ನಾನು ಕೊಕ್ಕರೆಯ ಹೆಸರನ್ನೇ ಮೊದಲು ಬರೆದುಕೊಟ್ಟು ಬಂದೆ.

ಪಂದ್ಯದ ಮಧ್ಯಾಹ್ನ ನಾನು ಎರಡು ತುತ್ತಿಗೇ ತಟ್ಟೆ ಸರಿಸಿದೆ. ಕೊಕ್ಕರೆ ಮಾತ್ರ ಎರಡು ಸಲ ಬಡಿಸಿಕೊಂಡು ಉಂಡಳು. ತುಂಬಾ ಮಾತಾಡಿದಳು, ಬೇಕಾದ್ದಕ್ಕೂ ಬೇಡದ್ದಕ್ಕೂ ನಕ್ಕಳು. ಶೂ ಕಟ್ಟುವಾಗ ನನಗೆ ಬೆನ್ನು ಹಾಕಿ ಕೂತಳು. ಅಕ್ಕ ಫೋನ್ ಮಾಡಿ ಮಗಳು ಹೇಗಿದ್ದಾಳೆ ಎಂದಾಗ ಗುಂಡುಕಲ್ಲಿನ ಹಾಗಿದ್ದಾಳೆ ಎಂದುಬಿಟ್ಟೆ.

ಮೊದಲರ್ಧ ಚೆನ್ನಾಗಿಯೇ ನಡೆಯಿತು. ಕೊಕ್ಕರೆ ಹಾರಿ ಹಾರಿ ಚೆಂಡು ಕಿತ್ತುಕೊಂಡಳು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಎರಡನೇ ಅರ್ಧದಲ್ಲಿ ನನ್ನ ಕೈ ನಿಂತಿತು. ಅವಳು ಎಡಗಾಲಿನಿಂದ ಚಿಮ್ಮುವವಳು. ಈಗ ಬಲಗಾಲಿನಿಂದ ಚಿಮ್ಮಿ ಬಲಗಾಲಿನ ಮೇಲೇ ಬೀಳುತ್ತಿದ್ದಳು. ನಾನು ಕಣ್ಣಲ್ಲೇ ಕೇಳಿದೆ. ಅವಳು ಹೆಬ್ಬೆರಳು ಎತ್ತಿ ನಕ್ಕಳು. ಆ ನಗು ತುಟಿಯಲ್ಲಿತ್ತು, ಮುಖ ಸುಣ್ಣದ ಗೋಡೆಯ ಹಾಗೆ ಬೆಳ್ಳಗಿತ್ತು.

ತೆಗೆದುಬಿಡೋಣ ಎಂದುಕೊಂಡೆ. ಹಿಂದಿನ ಸಾಲಿನಲ್ಲಿ ಮ್ಯಾನೇಜರ್ ಕೆಮ್ಮಿದರು. ಇನ್ನೊಂದು ನಿಮಿಷ ನೋಡೋಣ ಎಂದುಕೊಂಡೆ. ಆ ಹೊತ್ತಿಗೆ ಬೆಂಚಿನ ತುದಿಯಿಂದ ಅಜ್ಜಿ ಎದ್ದು ಬಂದು ನನ್ನ ತೋಳು ಹಿಡಿದಳು.

"ಕೋಚ್, ಅವಳನ್ನ ಹೊರಗೆ ಕರೀರಿ."

ನನ್ನ ಒಳಗೆ ಹೆದರಿಕೆ ಎಷ್ಟು ತುಂಬಿತ್ತೆಂದರೆ ಅದು ಸಿಟ್ಟಾಗಿಯೇ ಹೊರಗೆ ಬಂತು. ಅವಳು ಹೊರಗೆ ಬಂದರೆ ಒಳಗೆ ಹೋಗುವವಳು ಯಾರು ಅಂತ ನನಗೂ ಗೊತ್ತು, ಬಾಯಿ ಮುಚ್ಚಿಕೊಂಡು ಕೂತ್ಕೋ ಎಂದೆ.

ಅವಳು ಕೂರಲಿಲ್ಲ. ಎದುರಾಳಿಯ ಎಸೆತ ಬುಟ್ಟಿಯ ಬಳೆಗೆ ಬಡಿದು ಮೇಲಕ್ಕೆ ಪುಟಿಯಿತು. ಕೆಳಗೆ ನಾಲ್ಕಾರು ಜನರ ನಡುವೆ ಕೊಕ್ಕರೆ ಸಿಕ್ಕಿಬಿದ್ದಿದ್ದಳು, ಬಲಗಾಲಿಗೆ ಜಾಗವಿರಲಿಲ್ಲ. ಚೆಂಡು ನೋಡುತ್ತ ಎಡಮೊಣಕಾಲು ಬಗ್ಗಿಸಿದಳು. ಅಷ್ಟರಲ್ಲಿ ಅಜ್ಜಿ ಗೆರೆ ದಾಟಿದ್ದಳು. ಬೆಂಚಿನವರು ಆಟ ನಡೆಯುವಾಗ ಅಂಗಳಕ್ಕೆ ಕಾಲಿಡುವಂತಿಲ್ಲ; ಇಷ್ಟು ವರ್ಷ ಆಡಿದವಳಿಗೆ ಅದು ಗೊತ್ತಿಲ್ಲದ್ದೇನಲ್ಲ. ಕುಂಟುತ್ತ ಓಡಿಹೋಗಿ ಕೊಕ್ಕರೆಯ ಸೊಂಟವನ್ನು ಎರಡೂ ಕೈಯಿಂದ ಅಪ್ಪಿ ನೆಲಕ್ಕೆ ಒತ್ತಿ ಹಿಡಿದುಬಿಟ್ಟಳು.

ಸೀಟಿ ಮೊಳಗಿತು. ಜನ ಕೂಗಿದರು. ರೆಫರಿ ಎರಡು ಕೈಯಿಂದ ಟಿ ಅಕ್ಷರ ಮಾಡಿ ನಮ್ಮ ತಂಡಕ್ಕೆ ತಪ್ಪು ಹಾಕಿ, ಎದುರಾಳಿಗೆ ಉಚಿತ ಎಸೆತ ಕೊಟ್ಟ. ಮ್ಯಾನೇಜರ್ ಗೆರೆಯ ಅಂಚಿಗೆ ಬಂದು ಅಜ್ಜಿಯ ಕಡೆ ಬೆರಳು ಚಾಚಿ, ನಿನ್ನದು ಇವತ್ತಿಗೆ ಮುಗೀತು, ಇವತ್ತಿಗೆ ಮುಗೀತು ಎನ್ನುತ್ತಿದ್ದರು. ನಾನು ಅಂಗಳಕ್ಕೆ ಓಡಿದೆ. ಕೊಕ್ಕರೆ ಅಜ್ಜಿಯ ಕೈ ಕೊಡವಿ ಬಿಡಿಸಿಕೊಂಡಿದ್ದಳು.

"ನಂಗೇನೂ ಆಗಿಲ್ಲ," ಎಂದಳು ಎಲ್ಲರಿಗೂ ಕೇಳುವ ಹಾಗೆ. "ನಾನಾಡೋದು ಅಜ್ಜಿಗೆ ಸಹಿಸೋಕಾಗಲ್ಲ. ಅಷ್ಟೇ."

ಅಜ್ಜಿಯ ಮುಖದಲ್ಲಿ ಕಪಾಳಕ್ಕೆ ಹೊಡೆಸಿಕೊಂಡ ಬಣ್ಣ. ಅವಳು ನನ್ನ ಕಡೆ ತಿರುಗಿದಳು. ಹಿಂದಿನ ವಾರ ಹೊರ ಊರಿನ ಪಂದ್ಯಕ್ಕೆ ಹೋದಾಗ ಇಬ್ಬರೂ ಒಂದೇ ಕೋಣೆಯಲ್ಲಿದ್ದರಂತೆ. ಹುಡುಗಿ ಸ್ನಾನದ ಮನೆಯಲ್ಲಿ ಟವೆಲ್ ಕಚ್ಚಿಕೊಂಡು ಕಾಲಿಗೆ ಐಸ್ ಹಿಡಿದು ಅಳುವುದನ್ನು ನೋಡಿದಳಂತೆ. ಅಂದಿನಿಂದ ಆದಷ್ಟು ಹೊತ್ತು ತಾನೇ ಅಂಗಳದಲ್ಲಿದ್ದು ಅವಳನ್ನು ಬೆಂಚಿನಲ್ಲೇ ಉಳಿಸಲು ನೋಡಿದಳಂತೆ. ಅಜ್ಜಿ ಇದನ್ನೆಲ್ಲ ಏದುಸಿರಿನಲ್ಲಿ ತುಂಡುತುಂಡಾಗಿ ಹೇಳಿದಳು. ನನಗೆ ಯಾಕೆ ಹೇಳಲಿಲ್ಲ ಎಂದೆ.

"ಹೇಳಿದ್ರೆ ನಂಬ್ತಿದ್ರಾ? ಅವಳ ಜಾಗದಲ್ಲಿ ಆಡೋಳು ನಾನೇ ತಾನೆ?"

ಈಗ ತಾನೇ ಬೆಂಚಿನ ಹತ್ತಿರ ಅವಳು ಹೇಳಿದ್ದಳು, ನಾನು ನಂಬಿರಲಿಲ್ಲ. ಅವಳು ಏನೇ ಹೇಳಿದರೂ ಜಾಗದ ಆಸೆಗೆ ಹೇಳಿದಂತೆಯೇ ಕೇಳಿಸುತ್ತಿತ್ತು. ಸರದಿ ಹಾಗೆ ಜೋಡಿಸಿದವಳು ನಾನು. ಮ್ಯಾನೇಜರ್ ಎಲ್ಲ ನಾಟಕ ಎಂದರು. ರೆಫರಿ ಬೇಗ ಬೇಗ ಎಂದ. ಕೊಕ್ಕರೆ ಎದೆಯುಬ್ಬಿಸಿ ನಿಂತು, ನಾನು ಆಡುತ್ತೇನೆ, ಆಡಲೇಬೇಕು, ಈಗ ಕೂತರೆ ನನ್ನ ಜಾಗಕ್ಕೆ ಇನ್ನೊಬ್ಬಳನ್ನು ತರುತ್ತಾರೆ ಎಂದಳು. ಎರಡು ಕಡೆಗೂ ಎರಡು ಮಾತು, ನಡುವೆ ಉದ್ದನೆಯ ಆ ಕಾಲು.

ಡಾಕ್ಟರು ಮಾಡುವ ಪರೀಕ್ಷೆಯೊಂದು ನನಗೂ ಗೊತ್ತಿತ್ತು. ನೋವಿರುವ ಒಂಟಿಕಾಲಿನ ಮೇಲೆ ಒಂದೇ ಒಂದು ಸಲ ಹಾರಿಸಿ ನೋಡುವುದು. ಬಿರುಕಿದ್ದರೆ ಎಂಥವರೂ ಹಾರಲಾರರು. ಆದರೆ ಬಿರುಕು ಎಷ್ಟು ಆಳವಿದೆಯೋ, ಹಾರಿಯೇಬಿಟ್ಟರೆ ಆ ಒಂದು ಹಾರಾಟಕ್ಕೇ ಮುಗಿದರೆ ಏನು ಗತಿ? ಇವಳಂತೂ ಹಠಮಾರಿ, ಹಾರಿದರೂ ಹಾರಿಯಾಳು. ಹೇಳಬಾರದು ಎಂದುಕೊಳ್ಳುತ್ತಲೇ ಹೇಳಿಬಿಟ್ಟೆ.

"ಏನೂ ಆಗಿಲ್ಲ ತಾನೆ? ಎಡಗಾಲಲ್ಲಿ ಒಂದು ಸಲ ಹಾರು."

ಕೊಕ್ಕರೆ ಬಲಗಾಲು ಎತ್ತಿದಳು. ಎಡಗಾಲಿನ ಮೇಲೆ ನಿಂತಳು. ಮೊಣಕಾಲು ಬಗ್ಗಿಸಿದಳು. ಅಜ್ಜಿ ಎರಡು ಕೈಯನ್ನೂ ಮುಂದೆ ಚಾಚಿ, ಬೀಳುವ ಕೂಸನ್ನು ಹಿಡಿಯುವ ಹಾಗೆ ನಿಂತಳು. ಬೇಡ ಎಂದು ಕೂಗಬೇಕೆನಿಸಿತು, ಕೂಗಲಿಲ್ಲ. ಹುಡುಗಿ ನೆಲ ನೋಡಿದಳು. ಮತ್ತೆ ಬಗ್ಗಿಸಿದಳು.

"ಹಾರಿದ್ರೆ ಮುರಿಯತ್ತೆ," ಎಂದಳು, ತೀರಾ ಸಣ್ಣ ದನಿಯಲ್ಲಿ. "ನಂಗೊತ್ತು. ಪ್ರತಿ ಸಲ ಹಾರುವಾಗ್ಲೂ ಗೊತ್ತಿತ್ತು."

ಬಲಗಾಲು ಕೆಳಗಿಟ್ಟವಳು ಎಡಗಾಲನ್ನು ಮೇಲಕ್ಕೆ ಎಳೆದುಕೊಂಡಳು. ಇನ್ನು ನೆಲಕ್ಕೆ ಊರಲಾರೆ ಎಂದಳು. ಈಗಷ್ಟೇ ಇಡೀ ಅಂಗಳ ಓಡಿದವಳು ಬೆಂಚಿನವರೆಗೆ ನಡೆಯಲೂ ಹೆದರಿ ಒಂಟಿಕಾಲಿನಲ್ಲೇ ನಿಂತಿದ್ದಳು. ಈ ಹೆದರಿಕೆಯನ್ನು ಇಷ್ಟು ದಿನ ಎರಡನೇ ಸಲ ಬಡಿಸಿಕೊಂಡ ಅನ್ನದ ಕೆಳಗೂ ನಗುವಿನ ಕೆಳಗೂ ಮುಚ್ಚಿಟ್ಟುಕೊಂಡಿದ್ದಳು; ಒಂದೇ ಮನೆಯಲ್ಲಿ ಇಬ್ಬರೂ ಒಂದೇ ಕಾಲಿಗೆ ಹೆದರಿ ಬೇರೆಬೇರೆ ಕೂತಿದ್ದೆವು.

ನಾನು ಒಂದು ತೋಳಿನ ಕೆಳಗೆ ಸೇರಿದೆ, ಅಜ್ಜಿ ಇನ್ನೊಂದರ ಕೆಳಗೆ. ಅಷ್ಟು ಉದ್ದದ ಹುಡುಗಿಯನ್ನು ಎತ್ತಲು ಇಬ್ಬರೂ ಸಾಲದು, ಆದರೂ ಎತ್ತಿದೆವು. ಕೊಕ್ಕರೆ ಮುಖವನ್ನು ಅಜ್ಜಿಯ ಕುತ್ತಿಗೆಗೆ ಒತ್ತಿಕೊಂಡು ಏನೋ ಹೇಳುತ್ತಿದ್ದಳು. ಅಜ್ಜಿ ಆಯ್ತು ಬಿಡೇ, ಆಯ್ತು ಬಿಡೇ ಎನ್ನುತ್ತಿದ್ದಳು. ಹಿಂದಿನಿಂದ ಮ್ಯಾನೇಜರ್ ಬಂದು, ಐದನೆಯವಳು ಯಾರು, ಈಗ ಆಟಕ್ಕೆ ಯಾರು ಇಳಿಯುತ್ತಾರೆ, ನೀನೇ ಇಳಿಯಬೇಕಲ್ಲ ಎಂದು ಅಜ್ಜಿಯನ್ನು ಅವಸರಿಸಿದರು. ಮುಗೀತು ಎಂದವರು ಅವರೇ.

"ಸ್ವಲ್ಪ ತಾಳಿ ಸಾರ್," ಎಂದಳು ಅಜ್ಜಿ, ತಿರುಗಿಯೂ ನೋಡದೆ. "ಕೈ ಖಾಲಿ ಇಲ್ಲ."

ಬೆಂಚು ಬಂತು. ಹುಡುಗಿಯರು ಎದ್ದು ಜಾಗ ಬಿಟ್ಟರು. ಕೂರಿಸಬೇಕು, ಎಡಗಾಲು ಎಲ್ಲಿಯೂ ತಗಲಬಾರದು. ಹೇಗೆ ಇಳಿಸುವುದೆಂದು ತಿಳಿಯದೆ, ಇಳಿಸಲು ಧೈರ್ಯವೂ ಸಾಲದೆ, ಅವಳನ್ನು ಹಾಗೆಯೇ ಹಿಡಿದುಕೊಂಡು ಇಬ್ಬರೂ ನಿಂತಿದ್ದೆವು.