ಜೊತೆಗೆ ಬಂದವಳ ಸರದಿ

"ಕುಡಿದ ಹಂದಿ ಹಾಗೆ ಕುಣಿದಿದೀರಿ. ಅದೂ ನಮ್ಮ ಕಂಪನಿ ಜಾಕೀಟು ಹಾಕ್ಕೊಂಡು."

ಮ್ಯಾನೇಜರ್ ಕ್ರೈಟನ್ ಫೋನನ್ನು ಎಫಿಯ ಕಡೆ ತಿರುಗಿಸಿಟ್ಟ. ಅದರಲ್ಲಿ ಓಡುತ್ತಿದ್ದ ವಿಡಿಯೊದಲ್ಲಿ, ಬಂದರಿನ ಹಬ್ಬದ ಗದ್ದಲದ ನಡುವೆ ಅವಳು ಮೀನಿನ ಪೆಟ್ಟಿಗೆಯ ಮೇಲೆ ನಿಂತು, ಹೊಟ್ಟೆ ಮುಂದೆ ಚಾಚಿ, ಕ್ರೈಟನ್ನನ ನಡಿಗೆಯನ್ನು ಅಣಕಿಸಿ ತೋರಿಸುತ್ತಿದ್ದಳು. ಸುತ್ತಲಿನವರು ಬಿದ್ದು ಬಿದ್ದು ನಗುತ್ತಿದ್ದರು.

"ಭಾನುವಾರ ನನ್ನದು" ಎಂದಳು ಎಫಿ.

"ಹೆಸರು ಕಂಪನಿದು. ಪಾಳಿ ಮುಗಿದ ಮೇಲೂ ಅದು ಮೈಗೆ ಅಂಟ್ಕೊಂಡೇ ಇರುತ್ತೆ."

ದಿನವೂ ಹೋಗೇ ಬಾರೇ ಎನ್ನುತ್ತಿದ್ದವನು ಇಂದು ಬಹುವಚನ ಬಳಸುತ್ತಿದ್ದ. ಪಕ್ಕದಲ್ಲಿ ಗುಮಾಸ್ತೆ ಉನಾ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ವಿಚಾರಣೆಯ ಪ್ರತಿ ಮಾತೂ ದಾಖಲಾಗುತ್ತದೆ, ಪ್ರತಿ ಹಾಳೆಗೂ ತಾನೂ ಎಫಿಯೂ ಸಹಿ ಹಾಕಬೇಕು, ಒಂದು ಪ್ರತಿ ಅದೇ ದಿನ ಮುಖ್ಯ ಕಚೇರಿಗೆ ಹೋಗುತ್ತದೆ ಎಂದು ಮೊದಲಿಗೇ ಅವನು ಬಲು ಹುರುಪಿನಿಂದ ಓದಿ ಹೇಳಿದ್ದ.

ಎಫಿ ಹತ್ತೊಂಬತ್ತು ವರ್ಷಗಳಿಂದ ಎರಡು ಡಿಗ್ರಿ ನೀರಿನಲ್ಲಿ ಕೈಯಿಟ್ಟು ಮೀನು ಸೀಳಿದವಳು. ಬಲಗೈಯ ತೋರುಬೆರಳು ಕೊಕ್ಕೆಯಂತೆ ಬಾಗಿ ಅಲ್ಲೇ ನಿಂತುಬಿಟ್ಟಿತ್ತು. ಚಾಕು ಹಿಡಿಯಲು ಅದು ಸರಿ, ಬೇರೆ ಯಾವುದಕ್ಕೂ ಬಾರದು. ಊರಿನ ಉಳಿದ ಮೀನು ಕಾರ್ಖಾನೆಗಳೆಲ್ಲ ಮುಚ್ಚಿದ್ದವು. ಇಲ್ಲಿಂದ ಓಡಿಸಿದರೆ ಆ ಕೈಗೆ ಕೆಲಸ ಕೊಡುವವರು ಯಾರೂ ಇರಲಿಲ್ಲ.

ವಿಚಾರಣೆಗೆ ಜೊತೆಗಾರರೊಬ್ಬರನ್ನು ಕರೆತರಬಹುದು, ಯಾರನ್ನೆಂಬುದು ಕೆಲಸಗಾರರ ಇಷ್ಟ ಎಂದು ನಿಯಮವಿತ್ತು. ಕಾರ್ಮಿಕ ಸಂಘದ ಮುದುಕ ಬರುತ್ತಾನೆಂದು ಕ್ರೈಟನ್ ಎಣಿಸಿದ್ದ. ಬಂದವಳು ಎಫಿಯ ಪಕ್ಕದಲ್ಲೇ ನಿಂತು ಮೀನು ಸೀಳುವ ರೋನಾ. ಅವಳನ್ನು ಕಂಡವನೇ ಟೈ ಸರಿಮಾಡಿಕೊಂಡಿದ್ದ.

ಕಳೆದ ಡಿಸೆಂಬರಿನಲ್ಲಿ, ಕಂಪನಿಯ ಕ್ರಿಸ್‌ಮಸ್ ಊಟ ಮುಗಿದ ಮೇಲೆ, ಹೋಟೆಲಿನ ಹಿಂದೆ ಅವನು ರೋನಾಳನ್ನು ಕಾರಿಗೆ ಒತ್ತಿ ಹಿಡಿದು ರವಿಕೆಯೊಳಗೆ ಕೈ ತೂರಿಸಿದ್ದ. ಅವಳು ದೂರು ಬರೆದಳು. ಹನ್ನೊಂದನೆಯ ದಿನ ಕಂಪನಿಯಿಂದ ಉತ್ತರದ ಕಾಗದ ಬಂತು. ಬಾಯಿ ಮುಚ್ಚಿಕೊಂಡಿರು, ಕೆಲಸ ಹೋದೀತು ಎಂದು ಆಗ ಬುದ್ಧಿ ಹೇಳಿದವಳು ಎಫಿಯೇ. ನಿನ್ನೆ ಮೀನು ಸೀಳುವ ಕಟ್ಟೆಯ ಬಳಿ ವಿಚಾರಣೆಗೆ ಜೊತೆಗೆ ಬಾ ಎಂದು ಎಫಿ ಕರೆದಾಗ ರೋನಾ ಅದನ್ನೇ ಎತ್ತಿ ಆಡಿದ್ದಳು. ಎಫಿ ತಲೆಯೆತ್ತದೆ, "ನಾನು ಹೇಳಿದ್ದು ತಪ್ಪು ಕಣೇ. ಆ ಕಾಗದ ಇಟ್ಟಿದೀಯಾ?" ಎಂದು ಕೇಳಿದ್ದಳು.

"ಜೊತೆಗೆ ಬಂದವರು ಏನಾದ್ರೂ ಹೇಳೋದಿದ್ಯಾ?" ಉನಾ ಕೇಳಿದಳು.

"ಅವಳದೇನೂ ಬೇಕಿಲ್ಲ."

"ನಿಯಮದಲ್ಲಿದೆ, ಮಿಸ್ಟರ್ ಕ್ರೈಟನ್."

ರೋನಾ ನಾಲ್ಕು ಮಡಿಕೆಯ ಕಾಗದ ಬಿಡಿಸಿದಳು. "'ಘಟನೆಯು ಕೆಲಸದ ವೇಳೆಯ ಹೊರಗೆ, ಕಾರ್ಖಾನೆಯ ಹೊರಗೆ ನಡೆದಿರುವುದರಿಂದ ಅದು ಇಬ್ಬರ ಖಾಸಗಿ ವಿಷಯ. ಕಂಪನಿಗೆ ಸಂಬಂಧಪಟ್ಟದ್ದಲ್ಲ.'" ಓದಿ ಮುಗಿಸಿ ಕ್ರೈಟನ್ನನ ಕತ್ತಿನತ್ತ ಬೆರಳು ಮಾಡಿದಳು. "ಅವತ್ತು ಇವನ ಕತ್ತಲ್ಲಿ ಇದೇ ಟೈ ಇತ್ತು, ಕಂಪನಿದು. ನನ್ನ ಮುಖಕ್ಕೆ ಉಜ್ತಾ ಇತ್ತು. ಅದರಲ್ಲಿರೋ ಮೀನಿನ ಗುರುತು ಈಗ್ಲೂ ಕಣ್ಣಿಗೆ ಕಟ್ಟಿದೆ."

"ಬರೀಬೇಡ ಉನಾ."

ಪೆನ್ನು ನಿಂತಿತು.

"ಬರಿ ತಾಯಿ" ಎಂದಳು ಎಫಿ. "ಇವನ ನಡಿಗೆ ತೋರಿಸಿದ್ದಕ್ಕೆ ನನ್ನ ಕೆಲಸ ಹೋಗುತ್ತೆ. ಇವನ ಕೈ ತೋರಿಸಿದ್ದಿದ್ರೆ ಹಬ್ಬದಲ್ಲಿ ಯಾರೂ ನಗ್ತಿರ್ಲಿಲ್ಲ."

"ಮುಚ್ಚೇ ಬಾಯಿ, ಸೂಳೆಮುಂಡೆ!"

"ಇದನ್ನೂ ಬರ್ಕೋ."

ಉನಾ ಅವನ ಮುಖ ನೋಡಲಿಲ್ಲ. ತಲೆ ತಗ್ಗಿಸಿ ಬರೆದಳು. ಮೊದಲು ಬಿಟ್ಟದ್ದನ್ನು, ಆಮೇಲೆ ಈಗಿನದನ್ನು. ಹಾಳೆಗಳನ್ನು ಎಣಿಸಿ ಅವನ ಮುಂದಿಟ್ಟಳು.

ಗಾಜಿನ ಕಿಟಕಿಯ ಕೆಳಗೆ ಮೀನು ಸಾಗುವ ಪಟ್ಟಿ ಓಡುತ್ತಿತ್ತು. ಎರಡು ಜಾಗ ಖಾಲಿ. ಉಳಿದ ಹೆಂಗಸರು ಚಾಕು ಕೆಳಗಿಟ್ಟು, ತಲೆಯೆತ್ತಿ, ಮೇಲೆಯೇ ನೋಡುತ್ತಿದ್ದರು. ಸೀಳದ ಮೀನುಗಳು ಪಟ್ಟಿಯ ತುದಿಯಿಂದ ಒಂದೊಂದಾಗಿ ನೆಲಕ್ಕೆ ಬೀಳುತ್ತಿದ್ದವು.

ಎಫಿ ತನ್ನ ಹೆಸರನ್ನು ನಿಧಾನವಾಗಿ ಬರೆದು ಪೆನ್ನನ್ನು ಅವನತ್ತ ಉರುಳಿಸಿದಳು. ಕ್ರೈಟನ್ ಅದನ್ನು ಮುಟ್ಟಲಿಲ್ಲ. ಫ್ಯಾನಿನ ಗಾಳಿಗೆ ಮೇಲಿನ ಹಾಳೆ ಪಟಪಟ ಎಂದಿತು. ಅದು ಹಾರದಂತೆ ಎಫಿ ಕೊಕ್ಕೆಬೆರಳನ್ನು ಅದರ ಮೇಲೆ ಊರಿದಳು.

"ಸಹಿ ಹಾಕೋ ಮಗನೇ. ಆಮೇಲೆ ಓಡಿಸು ನನ್ನ."