ಏಳು ದಿನದ ಹಳ್ಳ

ಗಂಡ ಕುಬಾತ್ ಕುದುರೆ ಸಮೇತ ಕಮರಿಗೆ ಬಿದ್ದು ಸತ್ತಾಗ ಜಿಪಾರ್ ಶೋಕದ ಪದ್ಧತಿಯಂತೆ ಕಂಬಳಿ ಗುಡಾರದಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ನಮ್ಮ ನಾರಿನ್ ಬೆಟ್ಟಸೀಮೆಯ ಕಡೆ ದುಃಖ ಕೇಳಲು ಬಂದವರಿಗೆಲ್ಲ ಹಾಲು ಹಾಕಿದ ಚಹಾ ಕೊಡಬೇಕು. ಕಣಿವೆಯ ಜನವೆಲ್ಲ ಬಂದರು. ನಮ್ಮೂರಿನ ಇಪ್ಪತ್ತೆಂಟು ಮನೆಗಳ ಹಾಲೂ ಏಳು ದಿನ ಅವಳ ಅಂಗಳದ ಹಂಡೆಗೇ ಹೋಯಿತು. ಡೇರಿಗೆ ಹಾಲು ಒಯ್ಯುವ ನನ್ನ ಟ್ಯಾಂಕರ್ ಖಾಲಿ ಬಂದು ಖಾಲಿ ಹೋಯಿತು.

ಊರ ಹಾಲು ಅಳೆದು ಡೇರಿಗೆ ಕಳಿಸುವವಳು ಜಿಪಾರಳೇ. ಎಂಟನೇ ದಿನ, ಅತ್ತು ಬಾತ ಕಣ್ಣಲ್ಲೇ ಮೊಬೈಲು ಹಿಡಿದು ಡೇರಿಯ ಲೆಕ್ಕದಲ್ಲಿ ದಿನಕ್ಕೊಂದರಂತೆ ಏಳು ಸೊನ್ನೆ ಒತ್ತಿದಳು.

"ಏನಾದ್ರೂ ಒಂದು ಹಾಕಮ್ಮ ತಂಗಿ. ಕೆಳಗಿನೂರವ್ರು ನೀರು ಬೆರೆಸಿ ತುಂಬಿಸ್ತಾರೆ, ನೀನೊಬ್ಳು!" ಅಂದೆ.

"ನಮ್ಮನೆಯವ್ರು ತೀರ್ಕೊಂಡ ವಾರ ಸುಳ್ಳು ಬರೀಲಾ ಅಣ್ಣ?"

ತಿಂಗಳು ಕಳೆದ ಮೇಲೆ ರಾಜಧಾನಿ ಬಿಷ್ಕೆಕ್‌ನ ಡೇರಿ ಕಚೇರಿಯಿಂದ ಅವಳಿಗೆ ಕರೆ ಬಂತು. ನನ್ನ ಗಾಡಿಯಲ್ಲೇ ಹೋದಳು; ನಾನೂ ಜೊತೆಗೆ ಒಳಗೆ ಹೋದೆ. ಗೋಡೆಯಗಲದ ಪರದೆ. ಹಾಲಿನ ಲೆಕ್ಕಕ್ಕೆ ಊರಿಗೊಂದು ಗೆರೆ; ಪಕ್ಕದ ನಕ್ಷೆಯಲ್ಲಿ ಗಾಡಿಗೊಂದು ಚುಕ್ಕೆ. ಕೆಳಗಿನೂರಿನದು ಹಸಿರು, ನೆಟ್ಟಗಿತ್ತು. ನಮ್ಮದು ಕೆಂಪು, ನಡುವೆ ದೊಪ್ಪನೆ ನೆಲಕ್ಕೆ ಬಿದ್ದು ಮತ್ತೆ ಎದ್ದಿತ್ತು.

ಕಚೇರಿಯ ಮುಖ್ಯಸ್ಥ ಮಕ್ಸತ್ ಕೆಟ್ಟವರಲ್ಲ. ಅವಳಿಗೆ ಕುರ್ಚಿ ಹಾಕಿಸಿದರು, ಚಹಾ ತರಿಸಿದರು.

"ಒಂದೇ ನೋಟಕ್ಕೆ ತಿಳಿಯುತ್ತೆ ನೋಡಮ್ಮ. ನಿಮ್ಮೂರನ್ನ ನಂಬೋ ಹಾಗಿಲ್ಲ. ನಾಳೆಯಿಂದ ಅಲ್ಲಿ ಗಾಡಿ ನಿಲ್ಲಲ್ಲ."

ಜಿಪಾರ್ ಎದ್ದು ಹೋಗಿ ಗೆರೆಯ ಆ ಹಳ್ಳದಲ್ಲಿ ಬೆರಳಿಟ್ಟಳು.

"ಇದು ನನ್ನ ಗಂಡ ಸತ್ತ ವಾರ, ಸಾಹೇಬ್ರೆ. ಊರ ಹಾಲೆಲ್ಲ ನಮ್ಮನೆಗೆ ಬಂತು."

ಅವರು ಪರದೆಯ ಕಡೆ ತಿರುಗಿದರು. "ಪಾಪ. ಆದ್ರೆ ಕಾರಣ ಬರೆಯೋಕೆ ಇದರಲ್ಲಿ ಜಾಗ ಇಲ್ಲಮ್ಮ. ಮೇಲಿನವ್ರು ಬಣ್ಣ ನೋಡ್ತಾರೆ." ಆಮೇಲೆ ಮೆಲ್ಲಗೆ, "ಕೈ ತೆಗಿ, ಗಾಜಿಗೆ ಕಲೆಯಾಗುತ್ತೆ."

ದಾರಿಯುದ್ದಕ್ಕೂ ಅವಳು ಆ ಬೆರಳನ್ನು ಮಡಚಿ ಹಿಡಿದೇ ಕೂತಿದ್ದಳು.

ಮರುದಿನ ಬೆಳಿಗ್ಗೆ ರಸ್ತೆಯ ತಿರುವಿನಲ್ಲಿ ಊರ ಹೆಂಗಸರೆಲ್ಲ ಬಕೆಟ್ ಹಿಡಿದು ನಿಂತಿದ್ದರು. ಹಾಲಿನಿಂದ ಆವಿ ಏಳುತ್ತಿತ್ತು. ನಾನು ವೇಗ ತಗ್ಗಿಸಿದೆ.

"ಏನಪ್ಪಾ, ಹಸುಗಳಿಗೆ ಹಸಿರು ಬಣ್ಣ ಬಳಿದ್ರೆ ನಿಲ್ಲಿಸ್ತೀಯಾ?" ಎಂದು ಮುದುಕಿ ಉಲ್ಜಾನ್ ಕೂಗಿದಳು. ಯಾರೂ ನಗಲಿಲ್ಲ.

ಜಿಪಾರ್ ಕಿಟಕಿಯ ಹತ್ತಿರ ಬಂದಳು. "ಹೋಗಣ್ಣ. ನಿನ್ನ ಗಾಡೀನೂ ಆ ಪರದೆ ಮೇಲೆ ಚುಕ್ಕೆಯಾಗಿ ಕಾಣುತ್ತೆ. ನಿನ್ನ ಕೆಲ್ಸಾನೂ ಹೋಗುತ್ತೆ."

ಅವಳ ಕೈಯಲ್ಲಿ ಎರಡು ಬಕೆಟ್ಟುಗಳಿದ್ದವು. ಒಂದು ಕುಬಾತ್ ಹೊರುತ್ತಿದ್ದದ್ದು.

ನಾನು ಎಂಜಿನ್ ಆರಿಸಿದೆ. ಕೀಲಿ ಜೇಬಿಗೆ ಹಾಕಿಕೊಂಡು ಕೆಳಗಿಳಿದೆ. ಒಳಗೆ ಫೋನು ಹೊಡೆದುಕೊಳ್ಳತೊಡಗಿತು.

ಹೊಡೆದುಕೊಳ್ಳಲಿ. ಆ ಗೋಡೆಯ ಮೇಲೆ ನನ್ನ ಚುಕ್ಕೆ ನಮ್ಮೂರಲ್ಲೇ ನಿಂತಿರಲಿ, ಎಲ್ಲರೂ ನೋಡಲಿ.