ಎರಡು ಡೇರಿ, ಒಂದೇ ಸೆಟ್ಟಿಂಗ್

ಆಂಡರ್ಸನ್‌ಪೇಟೆಯ ಹೊಲಿಗೆ ಅಂಗಡಿಯೊಂದರ ಮಹಡಿಯಲ್ಲಿ ವಿಜಯಕುಮಾರ್ ಮತ್ತು ಅಂಬಿಕ ಹಾಲಿನ ಡೇರಿಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದರು. ಹಾಲು ಅಳೆದ ಕೂಡಲೇ ಹಾಕಿದವರ ಹೆಸರು, ಲೀಟರು, ದರ ನಿರ್ಧರಿಸುವ ಫ್ಯಾಟು ಎಲ್ಲವನ್ನೂ ಯಂತ್ರ ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳಬೇಕು.

ಜಗಳ ಹುಟ್ಟಿದ್ದು ಸೆಟ್ಟಿಂಗುಗಳನ್ನು ಎಲ್ಲಿಡಬೇಕು ಎಂಬ ವಿಷಯಕ್ಕೆ. ಭಾಷೆ ಯಾವುದು, ಧ್ವನಿ ಎಷ್ಟು ಜೋರು ಎಂಬುದೆಲ್ಲ ಇಡೀ ಪ್ರೋಗ್ರಾಮಿಗೆ ಒಂದೇ ಆಬ್ಜೆಕ್ಟಿನಲ್ಲಿ, ಒಂದೇ ಡಬ್ಬಿಯಲ್ಲಿಟ್ಟ ಹಾಗೆ ಇರಲಿ, ಬೇಕಾದವರು ನೋಡಿಕೊಳ್ಳಲಿ, ತಿದ್ದಿಕೊಳ್ಳಲಿ ಎಂದು ವಿಜಯಕುಮಾರ್. ಅಂಬಿಕ ಒಪ್ಪಲಿಲ್ಲ. ಡೇರಿಗೊಂದು ಆಬ್ಜೆಕ್ಟ್ ಮಾಡಿ, ಶುರುವಿನಲ್ಲೇ ತುಂಬಿ, ಆಮೇಲೆ ಯಾರೂ ಮುಟ್ಟದ ಹಾಗೆ ಭದ್ರ ಮಾಡಬೇಕು ಎಂದಳು. ಇರುವುದೇ ಬೂದಿಕೋಟೆಯ ಒಂದು ಡೇರಿ, ಅದಕ್ಕೆ ಇಷ್ಟೆಲ್ಲ ಶಾಸ್ತ್ರ ಯಾಕೆ ಎಂದು ಅವನು ನಕ್ಕ. ಆಗಲೇ ಬರೆದು ಮುಗಿಸಿದ್ದರಿಂದ ಅವನೇ ಗೆದ್ದ.

ಆಮೇಲೆ ನಂದಿದುರ್ಗದ ಗಣಿ ಕಾರ್ಮಿಕರ ಲೈನು ಮನೆಗಳ ಕಡೆ ಇನ್ನೊಂದು ಡೇರಿ ಸಿಕ್ಕಿತು. ಅದನ್ನೂ ಇಂಟರ್ನೆಟ್ ಮೂಲಕ ಅದೇ ಪ್ರೋಗ್ರಾಮಿಗೆ ಜೋಡಿಸಿದರು. ಆ ಡೇರಿ ನಡೆಸುವ ರಾಧಾಮಣಿ, ಯಂತ್ರ ತಮಿಳು ಮಾತಾಡಲಿ ಎಂದರು. ಮಾರನೆಯ ಬೆಳಿಗ್ಗೆ ಬೂದಿಕೋಟೆ ಡೇರಿಯ ಕಾರ್ಯದರ್ಶಿ ಕೋದಂಡಪ್ಪ ಫೋನ್ ಮಾಡಿದರು.

"ಸಾರ್, ನಿಮ್ ಮಿಷಿನ್ನು ತಮಿಳು ಮಾತಾಡ್ತಾ ಐತೆ. ಹಾಲು ಹಾಕಕ್ ಬಂದ ಪಾಪಕ್ಕ, ಇನ್ಯಾರನ್ನೋ ಕರೀತಾವ್ರೆ ಅಂತ ಕ್ಯಾನು ಎತ್ಕಂಡು ಆಚೆ ಓಗಿ ನಿಂತವ್ಳೆ."

ಇಬ್ಬರೂ ಬೂದಿಕೋಟೆಗೆ ಹೋದರು. ಅಲ್ಲಿ ಕೋದಂಡಪ್ಪ ಭಾಷೆಯನ್ನು ಕನ್ನಡಕ್ಕೆ ತಿರುಗಿಸುತ್ತಿದ್ದರು, ಅದು ಮತ್ತೆ ತಮಿಳಿಗೆ ಜಾರುತ್ತಿತ್ತು. "ಪಾಪಕ್ಕನವರೇ, ನಿಮ್ಮ ಹಾಲು" ಎಂದು ಕನ್ನಡದಲ್ಲಿ ಶುರುಮಾಡಿದ ಯಂತ್ರ "ನಾಲು ಲಿಟ್ಟರ್" ಎಂದು ತಮಿಳಿನಲ್ಲಿ ಮುಗಿಸಿತು. ಅಷ್ಟರಲ್ಲಿ ವಿಜಯಕುಮಾರನಿಗೆ ರಾಧಾಮಣಿಯ ಫೋನು: ತಾವು ತಮಿಳು ಹಾಕಿದಷ್ಟೂ ಯಾವನೋ ಕನ್ನಡ ಮಾಡುತ್ತಿದ್ದಾನೆ, ಅವನನ್ನು ಹಿಡಿದುಕೊಡಿ. ಆ ಯಾವನೋ ವಿಜಯಕುಮಾರನ ಎದುರಿಗೇ ಬೆವರೊರೆಸಿಕೊಳ್ಳುತ್ತ ನಿಂತಿದ್ದರು.

"ಇಬ್ರೂ ಒಂದೇ ಸೆಟ್ಟಿಂಗ್ ಎಳೆದಾಡ್ತಾ ಇದಾರೆ. ನೀನು ಕೊಟ್ಟಿರೋದೇ ಒಂದು," ಎಂದಳು ಅಂಬಿಕ.

ವಿಜಯಕುಮಾರ್ ಸ್ವಲ್ಪ ಯೋಚಿಸಿದ. "ನಂದಿದುರ್ಗದವರು ಬರೀ ಸಂಜೆ ಹಾಲು ಹಾಕಿಸ್ಕೊಂಡ್ರೆ ಆಗಲ್ವಾ?"

ಅವಳು ಬೋರಲು ಹಾಕಿದ ಕ್ಯಾನಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದಳು. ಅವನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ತಾನು ಬರೆದದ್ದನ್ನು ತಾನೇ ಅಳಿಸತೊಡಗಿದ. ಡೇರಿಗೊಂದು ಆಬ್ಜೆಕ್ಟ್ ಆಯಿತು; ಒಬ್ಬರದ್ದನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಸಂಜೆಯ ಹಾಲಿಗೆ ಬೂದಿಕೋಟೆಯಲ್ಲಿ ಅಚ್ಚ ಕನ್ನಡ, ನಂದಿದುರ್ಗದಲ್ಲಿ ತಮಿಳು.

ಪಾಪಕ್ಕ ಮಾತ್ರ ಸಮಾಧಾನವಾಗದೆ ಅಂಬಿಕಳ ಹತ್ತಿರ ಬಂದಳು. "ಅಲ್ಲ ಕಣಮ್ಮ, ಅದ್ಕೆ ತೆಲುಗು ಬರಲ್ವಾ? ಮನೇಲಿ ನಾವ್ ಮಾತಾಡಾದು ಅದೇಯ."

ಡೇರಿಗೊಂದು ಮಾಡಿದ ಮೇಲೆ ಮನುಷ್ಯರಿಗೊಂದು ಮಾಡುವುದು ಕಷ್ಟವೇನಲ್ಲ ಎಂದು ಅಂಬಿಕ ಹೇಳಿದ್ದೇ ತಡ, ಸಾಲಿನಲ್ಲಿದ್ದವರೆಲ್ಲ ಸುತ್ತ ನೆರೆದರು. ಒಬ್ಬರಿಗೆ ಹೆಣ್ಣಿನ ದನಿ ಬೇಕು, ಒಬ್ಬರಿಗೆ ಹೆಸರಿನ ಮುಂದೆ 'ಶ್ರೀ' ಬೇಕು. ಎಲ್ಲರೂ ಹೋದ ಮೇಲೆ ಕೋದಂಡಪ್ಪ ವಿಜಯಕುಮಾರನನ್ನು ಗೋಡೆಯ ಮರೆಗೆ ಕರೆದರು. ತಮ್ಮ ಮನೆ ಹಸುವಿನ ಹಾಲಿಗೆ ಮಾತ್ರ, ಫ್ಯಾಟಿನ ಅಂಕಿಯನ್ನು ಒಂಚೂರು ಮೆಲ್ಲಗೆ ಹೇಳಿಸಲು ಆಗುತ್ತದಾ ಎಂದು ಕೇಳಿದರು.